ರೇಡಿಯೋ ಮೂಲದ ರೋಹಿತ ಓದುವುದು ಹೇಗೆ: 3ಸಿ 273 ಹಿಡಿದು ಒಂದು ಅಭ್ಯಾಸ

ಪ್ರಾಜೆಕ್ಟ್ ಕೇಳಿಕೊಂಡು ಬರುವ ಎಂಎಸ್ಸಿ ಹುಡುಗರಿಗೆ ನಾನು ಮೊದಲು ಕೊಡುವುದು 3ಸಿ 273. ಕನ್ಯಾ ರಾಶಿಯ ದಿಕ್ಕಿನಲ್ಲಿರುವ ಕ್ವೇಸಾರ್ ಇದು, ಅಂದರೆ ದೂರದ ಗ್ಯಾಲಕ್ಸಿಯೊಂದರ ಭಾರೀ ಹೊಳಪಿನ ಕೇಂದ್ರ. ರೇಡಿಯೋದಲ್ಲೂ ಜೋರು, ಬೆಳಕಿನಲ್ಲೂ ಜೋರು. ಬೇಕಾದ ಡೇಟಾ ಪುಕ್ಕಟೆ ಸಿಗುತ್ತದೆ. ಗ್ರಾಫ್ ಹಾಳೆ, ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಪೈಥಾನ್ ಆಮೇಲೆ.

ರೋಹಿತ ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ (ಅಥವಾ ತರಂಗಾಂತರದಲ್ಲಿ) ಎಷ್ಟು ಹೊಳಪು ಎಂಬ ಗ್ರಾಫ್. ಮೊದಲು ರೇಡಿಯೋ ಭಾಗ. ನಾಸಾದ ನೆಡ್ ಡೇಟಾಬೇಸ್‌ನಲ್ಲಿ ಹೆಸರು ಟೈಪ್ ಮಾಡಿ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಜಾನ್‌ಸ್ಕಿ (ರೇಡಿಯೋ ಹೊಳಪಿನ ಅಳತೆ) ಎಂಬ ಪಟ್ಟಿ ಬರುತ್ತದೆ. ಅದನ್ನು ಲಾಗ್-ಲಾಗ್ ಹಾಳೆಯಲ್ಲಿ ಗುರುತು ಹಾಕಿ. ಎಷ್ಟೋ ರೇಡಿಯೋ ಗ್ಯಾಲಕ್ಸಿಗಳಲ್ಲಿ ಚುಕ್ಕಿಗಳು ಸುಮಾರು ಒಂದೇ ಗೆರೆಯಲ್ಲಿ ಕೂರುತ್ತವೆ, ಇಳಿಜಾರು -0.7ರ ಆಸುಪಾಸು. 3ಸಿ 273ರಲ್ಲಿ ಹಾಗೆ ಕೂರುವುದಿಲ್ಲ. ಕಾರಣ, ಅದು ಎರಡು ತುಂಡು: ಒಂದು ಪುಟ್ಟ ನಡುಭಾಗ, ಅದರಿಂದ ಸುಮಾರು 20 ಆರ್ಕ್ ಸೆಕೆಂಡ್ ದೂರದಲ್ಲಿ ಅದು ಚಿಮ್ಮಿಸುವ ಜೆಟ್‌ನ (ವೇಗದ ಕಣಗಳ ಧಾರೆಯ) ತುದಿ. ಜೆಟ್‌ನ ಗೆರೆ ಕಡಿದಾಗಿ ಇಳಿಯುತ್ತದೆ, ನಡುಭಾಗದ್ದು ಹೆಚ್ಚುಕಡಿಮೆ ಮಟ್ಟಸ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಜೆಟ್‌ನ ಪಾಲು ಜಾಸ್ತಿ, ಮೇಲಕ್ಕೆ ಹೋದಂತೆ ನಡುಭಾಗದ್ದೇ ಕಾರುಬಾರು. ದೊಡ್ಡ ಬೀಮ್‌ನ (ಒಂದೇ ಸಲಕ್ಕೆ ನೋಡುವ ಆಕಾಶದ ಅಗಲದ) ಟೆಲಿಸ್ಕೋಪು ಎರಡನ್ನೂ ಸೇರಿಸಿ ಅಳೆಯುತ್ತದೆ. ಹಾಗಾಗಿ ಪ್ರತಿ ಚುಕ್ಕಿಯ ಪಕ್ಕದಲ್ಲಿ ಬೀಮ್ ಎಷ್ಟು, ಯಾವ ವರ್ಷದ್ದು ಎಂದು ಬರೆದಿಡಿ. ವರ್ಷ ಯಾಕೆ ಅಂದರೆ ಈ ಕ್ವೇಸಾರ್‌ನ ಹೊಳಪು ಏರಿಳಿಯುತ್ತಿರುತ್ತದೆ.

ಬೇರೆ ಮೂಲಗಳಿಗೆ ಕೆಳಗಿನ ತುದಿಯ ಚುಕ್ಕಿ ಬೇಕಾದರೆ ನಮ್ಮ ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ನಡೆದ ಸರ್ವೆ ಇದೆ. ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪಿನ 150 ಮೆಗಾಹರ್ಟ್ಸ್ ಸರ್ವೆಯನ್ನೂ ನೋಡಿ.

ಈ ಗೆರೆಯನ್ನು ಎಷ್ಟು ಚೆಂದ ಎಳೆದರೂ ಅದು ದೂರ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂದು ಹುಡುಗರು ಇಲ್ಲಿ ತಕರಾರು ತೆಗೆಯುತ್ತಾರೆ. ವಿಶ್ವ ಹಿಗ್ಗುವುದರಿಂದ ದೂರದ ಮೂಲದ ಅಲೆಗಳು ಉದ್ದವಾಗಿ ರೋಹಿತ ಪಕ್ಕಕ್ಕೆ ಸರಿಯುತ್ತದೆ; ಎಷ್ಟು ಸರಿಯಿತು ಎಂಬುದೇ ರೆಡ್‌ಶಿಫ್ಟ್, ದೂರ ಸಿಗುವುದು ಅದರಿಂದ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳ ರೇಡಿಯೋ ಅಲೆ ನುಣ್ಣಗಿನ ಗೆರೆ. ನೇರ ಗೆರೆಯನ್ನು ಪಕ್ಕಕ್ಕೆ ಸರಿಸಿದರೂ ಅದು ನೇರ ಗೆರೆಯೇ, ಅಲ್ವಾ? ಎಷ್ಟು ಸರಿಯಿತು ಅಂತ ಹೇಳಲು ಒಂದು ಗುರುತು ಬೇಕು. ಆ ಗುರುತು ಬೆಳಕಿನ ರೋಹಿತದಲ್ಲಿದೆ.

ಆದರೆ ಆಕಾಶದ ಯಾವ ಚುಕ್ಕಿಯ ಬೆಳಕು? 1962ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ಟೆಲಿಸ್ಕೋಪಿನಿಂದ ಸಿರಿಲ್ ಹಜಾರ್ಡ್ ಮತ್ತು ಜೊತೆಗಾರರು, ಚಂದ್ರ ಈ ಮೂಲವನ್ನು ಮರೆಮಾಡಿದ ಹೊತ್ತು ನೋಡಿ ಜಾಗ ಹಿಡಿದರು. ಊಟಿಯ ರೇಡಿಯೋ ಟೆಲಿಸ್ಕೋಪನ್ನು ಗೋವಿಂದ ಸ್ವರೂಪ್ ಕಟ್ಟಿಸಿದ್ದೂ ಇದೇ ಉಪಾಯಕ್ಕೆ. ಪಾರ್ಕ್ಸ್ ಕೊಟ್ಟ ಜಾಗದಲ್ಲಿ ಒಂದು ನೀಲಿ ‘ನಕ್ಷತ್ರ’ ಇತ್ತು. ಅದರ ರೋಹಿತದಲ್ಲಿದ್ದದ್ದು ಪಕ್ಕಕ್ಕೆ ಸರಿದ ಹೈಡ್ರೋಜನ್‌ನ ಗೆರೆಗಳೇ ಎಂದು 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟೆನ್ ಶ್ಮಿಟ್ ಗುರುತಿಸಿದರು.

ಈಗ ನಿಮ್ಮ ಸರದಿ. ನೆಡ್‌ನಲ್ಲಿ ಬೆಳಕಿನ ರೋಹಿತವೂ ಸಿಗುತ್ತದೆ. ಆ ಗೆರೆಗಳು ದಪ್ಪ ಗುಡ್ಡಗಳಾಗಿ ಸುಮಾರು 4750, 5027, 5630 ಆಂಗ್‌ಸ್ಟ್ರಾಂ (ತರಂಗಾಂತರದ ಅಳತೆ) ಹತ್ತಿರ ಕಾಣುತ್ತವೆ. ತುದಿಯನ್ನು ನಂಬಬೇಡಿ. ಅರ್ಧ ಎತ್ತರದಲ್ಲಿ ಅಡ್ಡಗೆರೆ ಎಳೆದು ನಡುಬಿಂದು ತಗೊಳ್ಳಿ. ಮೂರನ್ನೂ ಪ್ರಯೋಗಶಾಲೆಯ ಹೈಡ್ರೋಜನ್ ಅಂಕಿಗಳಿಂದ ಭಾಗಿಸಿ: 4102, 4340, 4861. ಮೂರು ಸಲವೂ 1.158 ಬರಬೇಕು. ಒಂದು ಕಳೆದರೆ ರೆಡ್‌ಶಿಫ್ಟ್: 0.158. ದೂರ ಸುಮಾರು 240 ಕೋಟಿ ಜ್ಯೋತಿರ್ವರ್ಷ. ಒಂದೇ ಗೆರೆ ಇಟ್ಟುಕೊಂಡು ಉತ್ತರ ಬರೆದವರಿಗೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಅನುಪಾತ ಕನಿಷ್ಠ ಎರಡು ಗೆರೆಗಳಿಗೆ ಹೊಂದಬೇಕು.

ಹೈಡ್ರೋಜನ್‌ನ ಇನ್ನೊಂದು ಗೆರೆ ಎಚ್-ಆಲ್ಫಾ, 6563. ಇಲ್ಲಿ ಅದು 7600ರ ಹತ್ತಿರ ಹೋಗಿ ಕೂತಿದೆ. ನಮ್ಮ ಗಾಳಿಯ ಆಕ್ಸಿಜನ್ ಬೆಳಕು ನುಂಗುವುದೂ ಸರಿಯಾಗಿ ಅಲ್ಲೇ! ನೆಲದ ಟೆಲಿಸ್ಕೋಪಿನ ರೋಹಿತದಲ್ಲಿ ಗುಡ್ಡಕ್ಕೆ ಕಚ್ಚು ಬಿದ್ದಿರುತ್ತದೆ. ಅದು ಕ್ವೇಸಾರ್‌ನದ್ದಲ್ಲ, ನಮ್ಮದು. ಸುಮ್ನೆ ಅಳೆಯಲು ಹೋಗಬೇಡಿ.

ಹೈಡ್ರೋಜನ್‌ನದ್ದೇ ಆದ ಲೈಮನ್-ಆಲ್ಫಾ ಗೆರೆಯಂತೂ (1216) ನೆಲಕ್ಕೆ ಬರುವುದೇ ಇಲ್ಲ. 3ಸಿ 273ರಲ್ಲಿ ಅದು 1408ರಲ್ಲಿದೆ, ಅಲ್ಟ್ರಾವಯಲೆಟ್. ಅದಕ್ಕೆ ಹಬಲ್ ಬೇಕು. ‘ಮಾಸ್ಟ್’ ಆರ್ಕೈವ್‌ನಿಂದ ಹಬಲ್ ರೋಹಿತ ಇಳಿಸಿಕೊಳ್ಳಿ. ದೊಡ್ಡ ಗುಡ್ಡದ ಎಡಕ್ಕೆ ಸಣ್ಣ ಸಣ್ಣ ಸೀಳುಗಳು ಕಾಣುತ್ತವೆ. ಕ್ವೇಸಾರ್‌ಗೂ ನಮಗೂ ನಡುವೆ ಇರುವ ಹೈಡ್ರೋಜನ್ ಮೋಡಗಳ ಗುರುತು ಅವು. 1991ರಲ್ಲಿ ಹಬಲ್ ಇವನ್ನು ತೋರಿಸಿತು. ರೆಡ್‌ಶಿಫ್ಟ್ ಎರಡು ದಾಟಿದ ಕ್ವೇಸಾರ್‌ಗಳಲ್ಲಿ ಇದೇ ಗೆರೆ ಗೋಚರ ಬೆಳಕಿನ ಕಡೆಗೆ ಸರಿಯುತ್ತದೆ, ಆಗ ನೆಲದ ಟೆಲಿಸ್ಕೋಪೇ ಸಾಕು. ದೂರದ್ದು ನೆಲದಿಂದ, ಹತ್ತಿರದ್ದು ಬಾಹ್ಯಾಕಾಶದಿಂದ!

ಒಂದು ಸಣ್ಣ ವಿಷಯ. ಮೇಲೆ ಕೊಟ್ಟ 4861 ಗಾಳಿಯಲ್ಲಿನ ಅಂಕಿ. ನಿರ್ವಾತದಲ್ಲಿ ಅದು ಸುಮಾರು 4863. ಫೈಲ್ ತೆರೆದ ತಕ್ಷಣ ಅದರಲ್ಲಿ ಯಾವುದು ಬಳಸಿದ್ದಾರೆ ನೋಡಿಕೊಳ್ಳಿ.

ಇದಾದ ಮೇಲೆ 3ಸಿ 48 ತಗೊಳ್ಳಿ. ರೆಡ್‌ಶಿಫ್ಟ್ 0.367. ಎಚ್-ಬೀಟಾ (ಮೇಲಿನ 4861ರ ಗೆರೆ), ಮೆಗ್ನೀಸಿಯಂ (2798), ಲೈಮನ್-ಆಲ್ಫಾ ಎಲ್ಲೆಲ್ಲಿ ಬೀಳುತ್ತವೆ ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ರೋಹಿತ ತೆರೆಯಿರಿ.