ಚಾಮರಾಜಪೇಟೆಯ ವಠಾರಕ್ಕೆ ಮತ್ತೆ ಗಾರೆ ಮಾಡಿಸಿದ ನನ್ನ ಅನುಭವ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರು ಮನೆಗಳ ಹಳೆಯ ವಠಾರವೊಂದನ್ನು 2017ರಲ್ಲಿ ನಾನು ಕೊಂಡಾಗ, ಅದನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಿ ಪಿ.ಜಿ. ನಡೆಸುವಂತೆ ಹೇಳದವರೇ ಇರಲಿಲ್ಲ. ನನ್ನ ಭಾವನವರಂತೂ ನಕ್ಷೆಯನ್ನೇ ಬರೆಸಿ ತಂದಿದ್ದರು. ಆದರೆ ಮದ್ರಾಸ್ ತಾರಸಿ (ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಮಾಡಿದ ಚಾವಣಿ), ತೇಗದ ತೊಲೆಗಳು, ರೆಡ್ ಆಕ್ಸೈಡ್ ನೆಲ ಎಲ್ಲವೂ ಗಟ್ಟಿಯಾಗಿದ್ದವು. ತೇವ ಹಿಡಿದು ಕೆಟ್ಟಿದ್ದುದು ಗೋಡೆಗಳ ಕೆಳಗಿನ ಮೂರು ನಾಲ್ಕು ಅಡಿ ಮಾತ್ರ. ಮೂರನೆಯ ಮನೆಯ ಅಜ್ಜಿ ಕಬ್ಬಿಣದ ಬೀರುವಿನ ಹಿಂದೆ ಹಳೆಯ ಪತ್ರಿಕೆಗಳನ್ನು ಒತ್ತಿಟ್ಟು, ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕುತ್ತಿದ್ದರು.

ಮೊದಲ ವರ್ಷ ಎಲ್ಲರಂತೆ ನಾನೂ ಹಳೆಯ ಗಾರೆಯನ್ನು ಕೆರೆಸಿ, ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಎರಡು ಮನೆಗಳಿಗೆ ಸುಮಾರು 80,000 ರೂಪಾಯಿ ಹಿಡಿಯಿತು. ಮುಂದಿನ ಆಷಾಢದ ಹೊತ್ತಿಗೆ ಮೂರು ಅಡಿಯಲ್ಲಿದ್ದ ತೇವ ಐದು ಅಡಿಗೆ ಏರಿ, ಬಣ್ಣದ ಕೆಳಗಿನಿಂದ ಉಪ್ಪು ಪುಡಿಪುಡಿಯಾಗಿ ಉದುರತೊಡಗಿತು. ಆಮೇಲೆ ಗುತ್ತಿಗೆದಾರರೊಬ್ಬರು ಗೋಡೆಯ ಬುಡಕ್ಕೆ ತೂತು ಕೊರೆದು ರಾಸಾಯನಿಕ ತುಂಬಿ, ಹತ್ತು ವರ್ಷದ ಗ್ಯಾರಂಟಿಯನ್ನೂ ಬರೆದುಕೊಟ್ಟರು. ಆ ಕೆಲಸಕ್ಕೆ 1.4 ಲಕ್ಷ ಹೋಯಿತು, ಬಾಳಿದ್ದು ಎರಡೇ ಮಳೆಗಾಲ. ಅಷ್ಟರಲ್ಲಿ ಬಾಡಿಗೆದಾರರಿಬ್ಬರು ಮನೆ ಖಾಲಿ ಮಾಡಿದ್ದರಿಂದ ಅಡ್ವಾನ್ಸ್ ಹಿಂತಿರುಗಿಸಲು ನಾನು ಒಡವೆ ಅಡ ಇಡಬೇಕಾಯಿತು.

ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೆ ಸಿಮೆಂಟ್ ಹೊದಿಸಿದರೆ ಒಳಗಿನ ನೀರು ಆರಲು ದಾರಿಯಿಲ್ಲದೆ ಮೇಲಕ್ಕೇ ಏರುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವರು ತಮಿಳುನಾಡಿನ ಕಾರೈಕುಡಿ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ಅವರು ಮೊದಲು ಗೋಡೆಯನ್ನು ಮುಟ್ಟಲೇ ಇಲ್ಲ. ಹೊರಗಿನ ಓಣಿಯಲ್ಲಿ ಗೋಡೆಗೆ ತಾಗಿದ ಸಿಮೆಂಟ್ ನೆಲವನ್ನು ಒಂದು ಅಡಿ ಅಗಲಕ್ಕೆ ಒಡೆಸಿ ಜಲ್ಲಿ ತುಂಬಿಸಿದರು, ಒಡೆದಿದ್ದ ಬಚ್ಚಲ ಮೋರಿಯನ್ನು ಬದಲಿಸಿದರು. ಆಮೇಲೆ ಸಿಮೆಂಟನ್ನೆಲ್ಲ ಕಿತ್ತು, ಇಟ್ಟಿಗೆಯ ಸಂದುಗಳನ್ನು ಬೆರಳು ಹೋಗುವಷ್ಟು ಕೆರೆದು, ಮೂರು ತಿಂಗಳು ಗೋಡೆಯನ್ನು ಬೆತ್ತಲೆಯಾಗಿಯೇ ಬಿಟ್ಟರು. ಈ ಮೂರು ತಿಂಗಳನ್ನು ಉಳಿಸಲು ಹೋದವರ ಕೆಲಸ ಬಾಳಿಕೆ ಬರುವುದಿಲ್ಲ. ನಂತರ ಸುಣ್ಣ, ಮರಳು, ಸುರ್ಕಿ (ಇಟ್ಟಿಗೆಯ ಪುಡಿ) ಸೇರಿಸಿ ಎರಡು ಪದರ ಗಾರೆ ಮಾಡಿ, ಹದಿನೈದು ದಿನ ಒದ್ದೆ ಗೋಣಿಚೀಲ ಹೊದಿಸಿ, ಮೇಲೆ ಎಮಲ್ಷನ್ ಬಳಿಯದೆ ಸುಣ್ಣವನ್ನೇ ಹೊಡೆಸಿದೆವು. ಈ ಗಾರೆಗೆ ಸೇರಿಸುವ ಅಳಲೆಕಾಯಿ ಮತ್ತು ಬೆಲ್ಲದ ನೀರನ್ನು ಎಷ್ಟು ದಿನ ಕೊಳೆಸಿ ಯಾವ ಪ್ರಮಾಣದಲ್ಲಿ ಬೆರೆಸಬೇಕೆಂಬುದನ್ನು ಮೇಸ್ತ್ರಿಯವರ ಮಾತಿಗೆ ಕಟ್ಟುಬಿದ್ದು ಇಲ್ಲಿ ಬರೆಯುವುದಿಲ್ಲ.

ನಡುವೆ ನಾನೇ ಒಂದು ಗೋಡೆಗೆ ನೆನೆಸಿದ ಕಾಗದದ ಮುದ್ದೆಯನ್ನು ಮೆತ್ತಿ ಉಪ್ಪು ಎಳೆಸಿ ನೋಡಿದೆ. ಒಣಗಿ ಕಳಚಿದ ಮುದ್ದೆಯ ಮೇಲೆ ಬಿಳಿಯ ಉಪ್ಪು ಹರಳುಗಟ್ಟಿತ್ತು. ಚಿಕ್ಕ ಗೋಡೆಗೆ ಇದು ಸಾಕು, ಇಡೀ ಮನೆಗೆ ಕೂಲಿ ಗಿಟ್ಟುವುದಿಲ್ಲ.

ಬಾಡಿಗೆ ನಿಲ್ಲದಂತೆ ನೋಡಿಕೊಂಡದ್ದು ನನ್ನದೇ ಉಪಾಯ. ಮೊದಲು ಸಿದ್ಧವಾದ ಮನೆಯನ್ನು ಹೊಸಬರಿಗೆ ಕೊಡದೆ, ಉಳಿದ ಮನೆಯವರನ್ನು ಸರದಿಯಂತೆ ನಾಲ್ಕೈದು ತಿಂಗಳು ಅಲ್ಲಿ ಇರಿಸಿದೆ. ಸಾಗಿಸುವ ಖರ್ಚು ನನ್ನದು, ಆ ತಿಂಗಳುಗಳಲ್ಲಿ ಬಾಡಿಗೆ ಹಳೆಯದೇ. ಪ್ರತಿ ಮನೆಗೂ ಸುಮಾರು 2.75 ಲಕ್ಷ ಬಿದ್ದಿದೆ. ಹಿಂದೆ 6,500 ಬರುತ್ತಿದ್ದ ಮನೆಗೆ ಈಗ 14,000 ಬರುತ್ತಿದೆ. ಊರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳದೆ ಐದೇ ತಿಂಗಳದ್ದನ್ನು ಪಡೆದು, ಹನ್ನೊಂದು ತಿಂಗಳ ಕರಾರಿನಲ್ಲಿ ಶೇಕಡ 5ರ ಏರಿಕೆಯನ್ನು ಮೊದಲೇ ಬರೆಸುತ್ತೇನೆ. ಹೀಗಾಗಿ ಸಿದ್ಧವಾದ ನನ್ನ ಮನೆಗಳು ಒಂದು ವಾರವೂ ಖಾಲಿ ಉಳಿದದ್ದಿಲ್ಲ.

2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ತರಿಸಬೇಕಾದಾಗ, ಮನೆಗೊಂದು ಚಿಕ್ಕ ನೀರಿನ ಮೀಟರ್ ಹಾಕಿಸಿದೆ. ತಿಂಗಳಿಗೆ ಎಂಟರಷ್ಟು ಬರುತ್ತಿದ್ದ ಟ್ಯಾಂಕರ್ ಐದಕ್ಕೆ ಇಳಿಯಿತು, ನೀರಿನ ಜಗಳವೂ ನಿಂತಿತು.

ಮೂರನೆಯ ಮನೆಯಲ್ಲಿ ಗಾರೆಯಾಗಿ ಮೂರು ಮಳೆಗಾಲ ಕಳೆದಿವೆ. ಹೋದ ಶ್ರಾವಣದಲ್ಲಿ ಅಜ್ಜಿ ನನ್ನನ್ನು ಒಳಗೆ ಕರೆದು, ಬೀರುವಿನ ಹಿಂದಿನಿಂದ ಒಂದು ಪತ್ರಿಕೆಯನ್ನು ಎಳೆದು, "ಮುಟ್ಟಿ ನೋಡಪ್ಪ, ಗರಿಗರಿಯಾಗಿದೆ" ಎಂದರು. ಉಳಿದಿರುವುದು ಆರನೆಯ ಮನೆಯೊಂದೇ. ಅಲ್ಲಿನವರ ಮಗಳ ಪಿಯುಸಿ ಪರೀಕ್ಷೆ ಮುಗಿದೊಡನೆ ಕೆಲಸ ಹಿಡಿಯುತ್ತೇವೆ, ಅದಕ್ಕೆ ಬೇಕಾದ ಸುಣ್ಣವನ್ನು ಹಿತ್ತಿಲ ತೊಟ್ಟಿಯಲ್ಲಿ ಈಗಾಗಲೇ ನೆನೆಹಾಕಿದ್ದೇನೆ.