ಮೆಟಲ್ ಡಿಟೆಕ್ಟರಿನ ಕಾಯಿಲಿಗೆ ಕವರ್ ಬೇಕೇ? ಬೆಂಗಳೂರಿನ ನೆಲದಲ್ಲಿ ನನ್ನ ಅನುಭವ

ಕಳೆದುಹೋದ ಉಂಗುರ, ಓಲೆ, ಮಾಂಗಲ್ಯದ ಗುಂಡುಗಳನ್ನು ಹುಡುಕಿಕೊಡುವುದು ಮತ್ತು ಡಾಂಬರಿನಡಿ ಮುಚ್ಚಿಹೋದ ವಾಲ್ವಿನ ಮುಚ್ಚಳ ಎಲ್ಲಿದೆಯೆಂದು ಗುರುತು ಹಾಕಿಕೊಡುವುದು, ಬೆಂಗಳೂರಿನಲ್ಲಿ ನನ್ನ ಮೆಟಲ್ ಡಿಟೆಕ್ಟರಿಗೆ ಸಿಗುವ ಕೆಲಸ ಬಹುಪಾಲು ಇವೆರಡೇ. ನಿಧಿಯ ಆಸೆಯಿಂದ ಕರೆಯುವವರೂ ಇದ್ದಾರೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರದ ಗಮನಕ್ಕೆ ತರಬೇಕೆಂಬ ಕಾನೂನು ಈ ದೇಶದಲ್ಲಿ 1878ರಿಂದಲೇ ಇದೆಯೆಂದು ಹೇಳಿ ಅವರಿಗೆ ಕೈಮುಗಿದುಬಿಡುತ್ತೇನೆ. ಹೊಸದಾಗಿ ಯಂತ್ರ ಕೊಂಡವರು ನನ್ನನ್ನು ಹೆಚ್ಚಾಗಿ ಕೇಳುವುದು, ಕಾಯಿಲಿನ, ಅಂದರೆ ಕೋಲಿನ ತುದಿಯಲ್ಲಿ ನೆಲದ ಮೇಲೆ ಆಡಿಸುವ ತಟ್ಟೆಯಂಥ ಭಾಗದ, ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ಕವರಿಗೆ ಹಣ ಹಾಕಬೇಕೇ ಬೇಡವೇ ಎಂದು. ಹಾಕಬೇಕು ಎಂಬುದೇ ನನ್ನ ಉತ್ತರ. ಆದರೆ ಅದನ್ನು ಬಿಚ್ಚಿ ತೊಳೆಯಲು ಬೇಸರಪಡುವವರು ಹಾಕದಿರುವುದೇ ಒಳ್ಳೆಯದು. ಕವರ್ ಹಾಕಿದರೆ ಯಂತ್ರಕ್ಕೆ ಆಳ ಸಿಗುವುದಿಲ್ಲವೆಂಬ ಭಯದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ತೊಳೆಯುವುದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ನಿಜವಾದ ತೊಂದರೆ ಇರುವುದು ಮಾತ್ರ ಅಲ್ಲಿಯೇ.

ಆಳದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಕಾಯಿಲಿನೊಳಗಿನ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಗ್ಯಾರೆಟ್ ಏಸ್ 250 ಎಂಬ ಯಂತ್ರದಲ್ಲಿ ಇದು 6.5 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 6,500 ಆವರ್ತ; ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ರಲ್ಲಿ 5ರಿಂದ 40 ಕಿಲೋಹರ್ಟ್ಸ್‌ವರೆಗೆ. ಅದರಿಂದ ಹುಟ್ಟುವ ಕಾಂತಕ್ಷೇತ್ರಕ್ಕೆ ನಡುವೆ ಪ್ಲಾಸ್ಟಿಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕವರ್ ಹಾಕಿದಾಗ ಆಗುವುದಿಷ್ಟೇ: ಕಾಯಿಲು ಅದರ ದಪ್ಪದಷ್ಟು ನೆಲದಿಂದ ಮೇಲೇಳುತ್ತದೆ. ನನ್ನ ಕವರಿನ ದಪ್ಪ ಸುಮಾರು 2 ಮಿಲಿಮೀಟರ್. ಹಾಗಾಗಿ ಬರಿಯ ಕಾಯಿಲಿಗೆ 20 ಸೆಂಟಿಮೀಟರ್ ಆಳದಲ್ಲಿ ಕೇಳಿಸುತ್ತಿದ್ದ ನಾಣ್ಯ ಕವರ್ ಹಾಕಿದ ಮೇಲೆ 19.8 ಸೆಂಟಿಮೀಟರ್ ಆಳದಲ್ಲಿ ಅಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಕೈ ಸೋತು, ಬೀಸಿನ ಎರಡೂ ತುದಿಗಳಲ್ಲಿ ಕಾಯಿಲು ಎರಡು ಬೆರಳು ಮೇಲಕ್ಕೆ ಹೋದಾಗ ನಾವು ಕಳೆದುಕೊಳ್ಳುವ ಆಳದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಕವರ್ ಇದ್ದಾಗ ಕಾಯಿಲನ್ನು ಅಂಜಿಕೆಯಿಲ್ಲದೆ ನೆಲಕ್ಕೆ ತಾಗಿಸಿ ಜಾರಿಸಬಹುದಾದ್ದರಿಂದ, ನನಗೆ ಸಿಗುವ ಆಳ ಹೆಚ್ಚಿದೆಯೇ ಹೊರತು ತಗ್ಗಿಲ್ಲ.

ಕನಕಪುರ ರಸ್ತೆಯ ಕಡೆ ಒಂದು ಕಲ್ಯಾಣ ಮಂಟಪದ ಹುಲ್ಲುಹಾಸಿನಲ್ಲಿ ಮದುಮಗನ ಉಂಗುರ ಹುಡುಕಲು ಹೋದಾಗ, ಅವನ ತಾಯಿ ಕಾಯಿಲನ್ನು ತಿರುಗಿಸಿ ನೋಡಿ, "ಅಲ್ಲಪ್ಪಾ, ಇಷ್ಟು ದಪ್ಪ ಪ್ಲಾಸ್ಟಿಕ್ ಮುಚ್ಚಿದ್ದೀಯ, ಒಳಗಿರೋದಕ್ಕೆ ಚಿನ್ನ ಹೇಗೆ ಗೊತ್ತಾಗುತ್ತೆ?" ಎಂದರು. "ಒಂದು ಬಳೆ ಕೊಡಿ ಅಮ್ಮಾ" ಎಂದು ಕೇಳಿ ತೆಗೆದುಕೊಂಡು, ಅದನ್ನು ಮಂಟಪದ ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ನೆಲದ ಮೇಲಿಟ್ಟು, ಕುರ್ಚಿಯ ಸೀಟಿನ ಮೇಲೆ ಕಾಯಿಲನ್ನು ಆಡಿಸಿದೆ. ಯಂತ್ರ ಕೂಗಿಕೊಂಡಿತು. ಆಮೇಲೆ ಅವರು ಕವರಿನ ಮಾತೆತ್ತಲಿಲ್ಲ, ಬಳೆಯನ್ನು ಮಾತ್ರ ತಕ್ಷಣ ವಾಪಸು ಕೈಗೆ ಹಾಕಿಕೊಂಡರು.

ಇನ್ನು ಕವರ್ ಯಾಕೆ ಬೇಕು ಎಂಬುದಕ್ಕೆ ನಮ್ಮ ಊರಿನ ನೆಲವೇ ಕಾರಣ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮೇಲೆ ಹುಲ್ಲು ಕಂಡರೂ ಅದರಡಿಯಲ್ಲಿ ಕಟ್ಟಡ ಕೆಲಸದಲ್ಲಿ ಉಳಿದ ಜಲ್ಲಿ, ಇಟ್ಟಿಗೆ ಚೂರು, ಒಡೆದ ಟೈಲ್ಸ್ ಇದ್ದೇ ಇರುತ್ತವೆ. ನಮ್ಮ ಜಲ್ಲಿ ಗ್ರಾನೈಟ್ ಜಾತಿಯ ಕಲ್ಲನ್ನು ಒಡೆದದ್ದು. ಅದರಲ್ಲಿರುವ ಬೆಣಚುಕಲ್ಲಿನ ಕಣಗಳು ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಾಲು ಗಟ್ಟಿ. ಅಂಥ ನೆಲದಲ್ಲಿ ಬರಿಯ ಕಾಯಿಲನ್ನು ಆಡಿಸಿದರೆ ಮೊದಲು ಅಂಚು ಮಸುಕಾಗುತ್ತದೆ, ಆಮೇಲೆ ಗೀರು ಬೀಳುತ್ತದೆ, ಕೊನೆಗೆ ಹೊರಚಿಪ್ಪು ತೆಳುವಾಗಿ ಒಳಗೆ ಹುಯ್ದು ಗಟ್ಟಿಯಾಗಿಸಿದ ಎಪಾಕ್ಸಿ ಅಂಟು ಕಾಣತೊಡಗುತ್ತದೆ. ನನ್ನ 11 ಅಂಗುಲದ ಡಬಲ್ ಡಿ ಕಾಯಿಲಿನಲ್ಲಿ ಎರಡು ಸುರುಳಿಗಳು ನಡುವಿನಲ್ಲಿ ಒಂದರ ಮೇಲೊಂದು ತುಸುವೇ ಬರುವಂತೆ ಕೂತಿವೆ. ಒಂದರ ಕ್ಷೇತ್ರ ಇನ್ನೊಂದರಲ್ಲಿ ಹೆಚ್ಚುಕಡಿಮೆ ಏನನ್ನೂ ಹುಟ್ಟಿಸದಂತೆ ಕಾರ್ಖಾನೆಯಲ್ಲಿ ಅವುಗಳನ್ನು ಸರಿದೂಗಿಸಿ, ಮತ್ತೆ ಅಲುಗಾಡದಂತೆ ಎಪಾಕ್ಸಿ ಹುಯ್ದಿರುತ್ತಾರೆ. ಚಿಪ್ಪು ತೂತಾಗಿ ನೀರು ಒಳಗಿಳಿದರೆ ಆ ಸಮತೋಲ ಕೆಡುತ್ತದೆ, ಮತ್ತೆ ರಿಪೇರಿ ಎಂಬುದು ಸಾಮಾನ್ಯರ ಕೈಯಲ್ಲಾಗುವ ಮಾತಲ್ಲ. ಹೊಸ ಕಾಯಿಲನ್ನೇ ತರಿಸಬೇಕು. ಕವರಿನ ಬೆಲೆ ಕಾಯಿಲಿನ ಬೆಲೆಯ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಚಪ್ಪಲಿಯ ಅಟ್ಟೆಯಂತೆ ಅದು ಸವೆಯಲೆಂದೇ ಇರುವ ವಸ್ತು, ಸವೆದರೆ ದುಃಖಪಡಬೇಕಾಗಿಲ್ಲ.

ಈಗ ತೊಳೆಯುವ ವಿಚಾರ. ಕವರ್ ಕಾಯಿಲಿಗೆ ಎಷ್ಟೇ ಬಿಗಿಯಾಗಿ ಕೂತರೂ ಸುತ್ತಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಅಗೆದ ಮಣ್ಣು ಕಾಯಿಲಿನ ಮೇಲ್ಭಾಗಕ್ಕೆ ಬಿದ್ದು ಆ ಸಂದಿನಲ್ಲಿ ಇಳಿಯುತ್ತದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಓಡಾಡಿದರೆ ನೀರೂ ಸೇರಿ ಅದು ಕೆಸರಾಗುತ್ತದೆ. ಬೇರೆ ಊರುಗಳ ಮಣ್ಣಾಗಿದ್ದರೆ ಇದು ಬರೀ ಕೊಳೆಯ ಪ್ರಶ್ನೆಯಾಗುತ್ತಿತ್ತೇನೋ, ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಹಾಗಲ್ಲ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್ ಅಷ್ಟೇನೂ ಕಾಟ ಕೊಡುವುದಿಲ್ಲ. ಕಾಡುವುದು ಅದರ ಜೊತೆ ಬೆರೆತ ಮ್ಯಾಗ್ನೆಟೈಟಿನಂತಹ ಕಪ್ಪು ಕಣಗಳು. ನಂಬಿಕೆ ಬಾರದವರು ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆ ನಿಂತ ಮೇಲೆ ರಸ್ತೆಯಂಚಿನಲ್ಲಿ ನೀರು ಹರಿದು ಒಣಗಿದ ಗೆರೆಯ ಮೇಲೆ ಎಳೆದು ನೋಡಲಿ. ಚೀಲದ ಮೇಲೆ ಕಪ್ಪು ಮರಳು ಹುಳುವಿನ ಮೀಸೆಯಂತೆ ಸೆಟೆದು ನಿಲ್ಲುತ್ತದೆ. ಅದೇ ಮರಳು ಕವರಿನೊಳಗೆ, ಕಾಯಿಲಿಗೆ ಅಂಟಿಕೊಂಡಂತೆ ಕೂತಿದ್ದರೆ ಅದರ ದನಿ ಯಂತ್ರಕ್ಕೆ ಎಷ್ಟು ದೊಡ್ಡದಾಗಿ ಕೇಳಿಸಬೇಡ.

ಇಲ್ಲೊಂದು ಸೂಕ್ಷ್ಮವಿದೆ. ಇಂದಿನ ಬಹುತೇಕ ಯಂತ್ರಗಳು ಹುಡುಕುವಾಗ ಬದಲಾವಣೆಯನ್ನು ಮಾತ್ರ ಗುರುತಿಸುತ್ತವೆ; ಕಾಯಿಲಿನ ಜೊತೆಗೇ ಚಲಿಸುವ, ಅದಕ್ಕೆ ಹೋಲಿಸಿದರೆ ಸ್ಥಿರವಾಗಿರುವ ವಸ್ತುವನ್ನು ಅವು ಲೆಕ್ಕದಿಂದ ಬಿಟ್ಟುಬಿಡುತ್ತವೆ. ಆದ್ದರಿಂದ ಒಣಗಿ ಗಟ್ಟಿಯಾಗಿ ಕೂತ ಮಣ್ಣು ಕೆಲವೊಮ್ಮೆ ಏನೂ ಸದ್ದು ಮಾಡುವುದಿಲ್ಲ. ಕವರ್ ಸಡಿಲವಾಗಿ ಅದರೊಳಗಿನ ಮಣ್ಣು ಬೀಸಿಗೊಮ್ಮೆ ಆ ಕಡೆ ಈ ಕಡೆ ಸರಿಯತೊಡಗಿದಾಗಲೇ ಯಂತ್ರ ಇಲ್ಲದ್ದನ್ನು ಇದೆ ಎನ್ನತೊಡಗುತ್ತದೆ. ಬೀಸಿನ ಒಂದೇ ತುದಿಯಲ್ಲಿ, ನೆಲ ಯಾವುದಾದರೂ, ಅದೇ ಕಿರುಗುಟ್ಟುವ ಸದ್ದು ಬಂದರೆ ನಾನು ಮೊದಲು ಅನುಮಾನಿಸುವುದು ಕವರನ್ನೇ. ಕಾಯಿಲನ್ನು ಎದೆಯ ಮಟ್ಟಕ್ಕೆ ಎತ್ತಿ ಗಾಳಿಯಲ್ಲಿ ಬೀಸುತ್ತೇನೆ; ಆಗಲೂ ಸದ್ದು ಬಂದರೆ ಅಲ್ಲೇ ಕೂತು ಕವರ್ ಬಿಚ್ಚುತ್ತೇನೆ. ಹಾಗೆ ಬಿಚ್ಚಿದಾಗ ಅಂಚಿನ ಸುತ್ತ ಬಳೆಯಂತೆ ಗಟ್ಟಿಕಟ್ಟಿದ ಕೆಮ್ಮಣ್ಣು ಕಾಣುವುದು ಮಾಮೂಲು. ಒಮ್ಮೆ ಆ ಮಣ್ಣಿನ ಬಳೆಯನ್ನು ಉಗುರಿನಿಂದ ಕೆರೆದಾಗ ಬೈಂಡಿಂಗ್ ವೈರಿನ ಚೂರೊಂದು, ಅಕ್ಕಿಕಾಳಿಗಿಂತ ತುಸು ಉದ್ದದ್ದು, ಸುರುಳಿಯ ನೇರಕ್ಕೇ ಸಿಕ್ಕಿಕೊಂಡಿತ್ತು. ಕಬ್ಬಿಣ ಕಟ್ಟುವವರು ಕತ್ತರಿಸಿ ಬಿಸಾಡುವ ಈ ತಂತಿ ಬೆಂಗಳೂರಿನ ಯಾವ ಖಾಲಿ ಸೈಟಿನಲ್ಲಿ ಇಲ್ಲ ಹೇಳಿ.

ನಾನು ತೊಳೆಯುವ ಕ್ರಮ ಸರಳ. ಮನೆಗೆ ಬಂದ ಕೂಡಲೇ, ಮಣ್ಣು ಒಣಗುವ ಮೊದಲೇ, ಕವರನ್ನು ಕೇಬಲ್ಲಿನ ಕಡೆಯಿಂದಲ್ಲ, ಮುಂಭಾಗದ ಅಂಚಿನಿಂದ ಹೆಬ್ಬೆರಳಿನಲ್ಲಿ ಮೆಲ್ಲಗೆ ಎಬ್ಬಿಸುತ್ತೇನೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸುವವರನ್ನು ಕಂಡಿದ್ದೇನೆ. ಕಾಯಿಲನ್ನು ಕಾಪಾಡಲು ಹಾಕಿದ ಕವರಿಗಾಗಿ ಕಾಯಿಲಿಗೇ ಗಾಯ ಮಾಡುವುದು ಯಾವ ನ್ಯಾಯವೋ ತಿಳಿಯದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚಿನ ಒಳಮೂಲೆಯನ್ನು ಉಜ್ಜಿ, ಎರಡನ್ನೂ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಬೇರೆಬೇರೆಯಾಗಿ ಒಣಗಿಸುತ್ತೇನೆ. ಬಿಸಿಲಿನಲ್ಲಿಟ್ಟರೆ ಕವರ್ ಸೊಟ್ಟಗಾಗಿ ಮತ್ತೆ ಸರಿಯಾಗಿ ಕೂರುವುದಿಲ್ಲ.

ಈ ಕಷ್ಟವೇ ಬೇಡವೆಂದು ಕವರಿನ ಅಂಚಿಗೆ ಸಿಲಿಕೋನ್ ಹಚ್ಚಿ ಶಾಶ್ವತವಾಗಿ ಮುಚ್ಚಿಬಿಡುವವರಿದ್ದಾರೆ. ಮಣ್ಣು ಒಳಹೋಗುವುದಿಲ್ಲ ನಿಜ. ಆದರೆ ಕವರಿನ ತಳ ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ತೂತಾದರೂ ಅಲ್ಲಿ ಹೊಕ್ಕ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ, ಒಳಗಿನ ಕಾಯಿಲು ಬಿರುಕು ಬಿಟ್ಟಿದ್ದರೂ ನಮಗೆ ಕಾಣುವುದಿಲ್ಲ. ನಾನು ಸಿಲಿಕೋನ್ ಬಳಸುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಅಂಚಿನ ಸುತ್ತ ಎಲೆಕ್ಟ್ರಿಷಿಯನ್ನರು ಬಳಸುವ ಕಪ್ಪು ಇನ್ಸುಲೇಷನ್ ಟೇಪನ್ನು ಒಂದು ಸುತ್ತು ಎಳೆದು ಅಂಟಿಸುತ್ತೇನೆ, ಕೆಲಸ ಮುಗಿದ ಮೇಲೆ ಕಿತ್ತು ಬಿಸಾಡುತ್ತೇನೆ. ಪೈಪಿನ ಕೆಲಸದವರು ಬಳಸುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಟೇಪನ್ನು ಅಪ್ಪಿತಪ್ಪಿಯೂ ಅಂಟಿಸಬಾರದು, ಅದು ಲೋಹ.

ಕಂಪನಿಯ ಕವರ್ ಎಲ್ಲ ಕಾಯಿಲಿಗೂ ಇಲ್ಲಿ ಸುಲಭವಾಗಿ ಸಿಗುವುದಿಲ್ಲ, ತರಿಸಿದರೆ ಸಾಗಣೆ ವೆಚ್ಚವೇ ಭಾರವಾಗುತ್ತದೆ. ಸಣ್ಣ ದುಂಡು ಕಾಯಿಲೊಂದಕ್ಕೆ ನಾನು ನರ್ಸರಿಯಲ್ಲಿ ಹೂಕುಂಡದ ಕೆಳಗಿಡಲು ಕೊಡುವ ಪ್ಲಾಸ್ಟಿಕ್ ತಟ್ಟೆಯನ್ನು ಕತ್ತರಿಸಿ ಕವರ್ ಮಾಡಿಕೊಂಡೆ. ತಟ್ಟೆ ಆರಿಸಲು ನರ್ಸರಿಗೆ ಯಂತ್ರವನ್ನೂ ಒಯ್ದಿದ್ದೆ, ಏಕೆಂದರೆ ಮರುಬಳಕೆಯ ಪ್ಲಾಸ್ಟಿಕ್ಕಿನಲ್ಲಿ ಏನು ಸೇರಿರುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ತಟ್ಟೆಯನ್ನು ಕಾಯಿಲಿನ ಮುಂದೆ ಹತ್ತಿರದಿಂದ ಆಡಿಸಿ, ಸದ್ದಿಲ್ಲದ್ದನ್ನು ಕೊಂಡೆ. ಅಂಗಡಿಯವನಿಗೆ ನಾನು ಬಾಂಬ್ ಹುಡುಕುತ್ತಿದ್ದೇನೆಂಬ ಅನುಮಾನ ಬಂದಿತ್ತು. ಕಂಪನಿಯ ಕವರಿನಷ್ಟು ನುಣುಪಾಗಿ ಅದು ಹುಲ್ಲಿನ ಮೇಲೆ ಜಾರುವುದಿಲ್ಲ, ಜಲ್ಲಿಯ ನೆಲಕ್ಕೆ ಮಾತ್ರ ಧಾರಾಳವಾಗಿ ಸಾಕು.

ತೂಕದ ಬಗ್ಗೆಯೂ ದೂರು ಕೇಳಿಬರುತ್ತದೆ. ನನ್ನ ದೊಡ್ಡ ಕವರನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ನೂರು ಗ್ರಾಮಿಗೆ ತುಸು ಹೆಚ್ಚು. ಹಿಡಿಯಿಂದ ಮಾರುದೂರದಲ್ಲಿ, ಕೋಲಿನ ತುದಿಯಲ್ಲಿ ಕೂರುವುದರಿಂದ ಅದು ಕೈಗೆ ಇನ್ನೂ ಹೆಚ್ಚೆನಿಸುತ್ತದೆ, ಒಳಗೆ ಕೆಸರು ತುಂಬಿದರಂತೂ ಸಂಜೆಯ ಹೊತ್ತಿಗೆ ಮೊಣಕೈ ಹೇಳುತ್ತದೆ. ಅಪಾರ್ಟ್‌ಮೆಂಟಿನ ಚೆನ್ನಾಗಿ ಕತ್ತರಿಸಿದ ಲಾನಿನಲ್ಲಿ, ಕಲ್ಲಿಲ್ಲವೆಂದು ಖಾತ್ರಿಯಿದ್ದರೆ, ನಾನು ಕವರ್ ತೆಗೆದೇ ಕೆಲಸ ಮಾಡುತ್ತೇನೆ.

ಕವರ್ ಕಾಪಾಡುವುದು ಕಾಯಿಲಿನ ತಳವನ್ನು ಮತ್ತು ಅಂಚನ್ನು ಮಾತ್ರ ಎಂಬುದನ್ನೂ ಹೇಳಬೇಕು. ನಾನು ಕಂಡ ಕೆಟ್ಟ ಕಾಯಿಲುಗಳಲ್ಲಿ ತಳ ಸವೆದು ಕೆಟ್ಟವು ಕಡಿಮೆ. ಕೋಲಿಗೆ ಬೋಲ್ಟ್ ಹಾಕುವ ಕಿವಿಗಳು ಬಿರುಕು ಬಿಟ್ಟವು, ಇಲ್ಲವೇ ಕೇಬಲ್ ಒಳಹೋಗುವ ಜಾಗದಲ್ಲಿ ಎಳೆತ ಬಿದ್ದು ತಂತಿ ತುಂಡಾದವು ಹೆಚ್ಚು. ಪ್ಲಾಸ್ಟಿಕ್ ಬೋಲ್ಟನ್ನು ಬೆರಳಲ್ಲಿ ತಿರುಗಿಸಿದಷ್ಟೇ ಬಿಗಿ ಮಾಡಿ, ಕೇಬಲ್ಲಿಗೆ ಕಾಯಿಲಿನ ಹತ್ತಿರ ಒಂದಿಷ್ಟು ಸಡಿಲು ಬಿಟ್ಟು ಕೋಲಿಗೆ ಸುತ್ತುವುದಕ್ಕೆ ಖರ್ಚೇನೂ ಇಲ್ಲ. ಫುಟ್‌ಪಾತಿನ ಕಲ್ಲಿಗೆ ಕಾಯಿಲು ಬಡಿದರೆ ಆ ಪೆಟ್ಟು ಕವರನ್ನು ದಾಟಿಯೂ ಒಳಗೆ ಹೋಗುತ್ತದೆ.

ಹಳೆಯ ಯಂತ್ರ ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಮಾರುವವರು ಹೊಸ ಕವರ್ ಹಾಕಿ ತೋರಿಸಿದರೆ, "ಸಾರ್, ಒಂದು ಸಲ ಕವರ್ ತೆಗೀರಿ" ಎಂದು ಕೇಳಲು ಸಂಕೋಚಪಡಬೇಡಿ. ಅಂಚಿನಲ್ಲಿ ಬಿಳಿಚಿಕೊಂಡ ಸವೆತ, ಕಿವಿಗಳ ಬುಡದಲ್ಲಿ ಕೂದಲೆಳೆಯ ಬಿರುಕು, ಎಪಾಕ್ಸಿ ಹಚ್ಚಿ ತೇಪೆ ಹಾಕಿದ ಗುರುತು ಇವೆಯೇ ನೋಡಿ. ಬಳಿಕ ಯಂತ್ರ ಚಾಲೂ ಮಾಡಿ, ಸೆನ್ಸಿಟಿವಿಟಿಯನ್ನು, ಅಂದರೆ ಯಂತ್ರದ ಸೂಕ್ಷ್ಮತೆಯ ಮಟ್ಟವನ್ನು, ಅರ್ಧಕ್ಕಿಂತ ಮೇಲಿಟ್ಟು, ಕಾಯಿಲನ್ನು ಗಾಳಿಯಲ್ಲಿ ಹಿಡಿದು ತಳಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಕೈಯಲ್ಲಿ ಉಂಗುರ, ಗಡಿಯಾರ ಇಲ್ಲದಿದ್ದರೂ ತಟ್ಟಿದಾಗಲೆಲ್ಲ ಸದ್ದು ಬಂದರೆ ಆ ಕಾಯಿಲಿಗೆ ಯಾವ ಕವರ್ ಹಾಕಿಯೂ ಪ್ರಯೋಜನವಿಲ್ಲ. ಹೊಸ ಕಾಯಿಲಿನ ಬೆಲೆಯನ್ನು ಕಳೆದು ವ್ಯಾಪಾರ ಕುದುರಿಸಿ.