ಸಿಡ್ನಿ–ಪರ್ತ್ ವಿಮಾನ: ಹೋಗುವಾಗ ಐದು ಗಂಟೆ, ಬರುವಾಗ ನಾಲ್ಕು

ಜನವರಿಯ ಟಿಕೆಟ್ಟಿನಲ್ಲಿ ಸಿಡ್ನಿಯಿಂದ ಬೆಳಗ್ಗೆ 9ಕ್ಕೆ ಹೊರಟು 11ಕ್ಕೆ ಪರ್ತ್ ಎಂದು ಕಂಡರೆ ಎರಡು ಗಂಟೆಯ ಹಾದಿ ಎಂದುಕೊಳ್ಳಬೇಡಿ. ಕೂರಬೇಕಾದದ್ದು ಐದು ಗಂಟೆ. ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರದ ಹೊತ್ತನ್ನೇ ಹಾಕಿರುತ್ತಾರೆ. ಇಡೀ ದೇಶಕ್ಕೆ ಒಂದೇ ಸಮಯವಿರುವ ಭಾರತದಿಂದ ಬಂದವರು ಮೊದಲು ಎಡವುವುದೇ ಇಲ್ಲಿ.

ಎರಡು ನಗರಗಳ ನಡುವಿನ ವೈಮಾನಿಕ ದೂರ ಸುಮಾರು 3,280 ಕಿ.ಮೀ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ, ಅಂದರೆ ಜೆಟ್ ಸ್ಟ್ರೀಮ್, ಬೀಸುತ್ತದೆ. ಪರ್ತ್‌ಗೆ ಹೋಗುವ ವಿಮಾನ ಅದಕ್ಕೆ ಎದುರಾಗಿ ಹಾರಬೇಕು, ಆದ್ದರಿಂದ ಸುಮಾರು ಐದು ಗಂಟೆ. ಸಿಡ್ನಿಗೆ ಬರುವಾಗ ಅದೇ ಗಾಳಿ ಬೆನ್ನಿಗೆ ಬರುವುದರಿಂದ ನಾಲ್ಕರ ಆಸುಪಾಸು.

ಸಿಡ್ನಿಯ ಗಡಿಯಾರ ಪರ್ತ್‌ಗಿಂತ ಎರಡು ಗಂಟೆ ಮುಂದೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಸಿಡ್ನಿಯಲ್ಲಿ ಡೇಲೈಟ್ ಸೇವಿಂಗ್, ಅಂದರೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ, ಇರುವುದರಿಂದ ಆ ಅಂತರ ಮೂರಾಗುತ್ತದೆ. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾದ ಮತದಾರರು ಈ ಪದ್ಧತಿಯನ್ನು ನಾಲ್ಕು ಸಲ ಜನಮತದಲ್ಲಿ ತಳ್ಳಿಹಾಕಿದ್ದಾರೆ, ಕೊನೆಯದು 2009ರಲ್ಲಿ. ಹಾಗಾಗಿ ಮೇಲಿನ 9 ಗಂಟೆಯ ವಿಮಾನವೇ ಜೂನ್‌ನಲ್ಲಾದರೆ ಪರ್ತ್ ತಲುಪುವುದು 12ಕ್ಕೆ.

ರಾತ್ರಿ ವಿಮಾನಕ್ಕೆ ಇನ್ನೊಂದು ಕಟ್ಟು. ಸಿಡ್ನಿ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಕರ್ಫ್ಯೂ. ಪರ್ತ್‌ನಿಂದ ರಾತ್ರಿ 11ಕ್ಕೆ ಹೊರಟ ವಿಮಾನ ಜನವರಿಯಲ್ಲಿ 6ರ ಹೊತ್ತಿಗೆ ಬರುತ್ತದೆ. ಜುಲೈಯಲ್ಲಾದರೆ 5ಕ್ಕೇ ಬಂದುಬಿಡುತ್ತದೆ, ಇಳಿಯಲು ಬಿಡುವುದಿಲ್ಲ. ಅದಕ್ಕೇ ಅಲ್ಲಿನ ಚಳಿಗಾಲದಲ್ಲಿ ಹೊರಡುವ ಹೊತ್ತು ನಡುರಾತ್ರಿಯತ್ತ ಸರಿಯುತ್ತದೆ. ರಾತ್ರಿ 12:10 ಎಂದಿದ್ದರೆ ತಾರೀಖನ್ನು ಎರಡೆರಡು ಸಲ ನೋಡಿ: 15ರ 12:10ಕ್ಕೆ ನೀವು 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಈ ತಪ್ಪಿಗೆ ಹೊಸ ಟಿಕೆಟ್ಟೇ ದಂಡ.

ದೇಶದೊಳಗಿನ ವಿಮಾನಕ್ಕೆ 100 ಮಿ.ಲೀ. ದ್ರವದ ಮಿತಿ ಇಲ್ಲ, ನೀರಿನ ಬಾಟಲಿ ಒಯ್ಯಬಹುದು. ಅಂತರರಾಷ್ಟ್ರೀಯ ಟರ್ಮಿನಲ್‌ನಿಂದ ಹೊರಡುವುದಾದರೆ ಮಾತ್ರ ಅಲ್ಲಿನ ನಿಯಮವೇ ಅನ್ವಯ. ಆದರೆ ಪರ್ತ್‌ನಲ್ಲಿ ಇಳಿದ ಮೇಲೆ ಕ್ವಾರಂಟೈನ್ ತಪಾಸಣೆ, ಅಂದರೆ ಹೊರಗಿನ ಕೀಟ, ರೋಗ ಒಳಬರದಂತೆ ನೋಡುವ ತಪಾಸಣೆ ಇದೆ. ಹಸಿ ಹಣ್ಣು, ತರಕಾರಿ, ಬೀಜ, ಗಿಡ, ಜೇನುತುಪ್ಪ ಇದ್ದರೆ ತಿಳಿಸಲೇಬೇಕು. ಸಿಡ್ನಿಯ ಹಿತ್ತಲಲ್ಲಿ ಕಿತ್ತ ಕರಿಬೇವಿನ ಕಂತೆಯನ್ನು ಪರ್ತ್‌ನ ನೆಂಟರಿಗೆಂದು ಬ್ಯಾಗಿನ ಮೂಲೆಗೆ ತುರುಕಬೇಡಿ. ಅಲ್ಲಿಟ್ಟಿರುವ ಡಬ್ಬಿಗೆ ಹಾಕಿದರೆ ಹೋಗುವುದು ಕರಿಬೇವು ಮಾತ್ರ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡವೂ ಬೀಳಬಹುದು.

ಊರಿನಿಂದ ಬರುವವರಿಗೆ ಹೇಳಿಡಿ: ಆಸ್ಟ್ರೇಲಿಯಾದಲ್ಲಿ ಮೊದಲು ಇಳಿದಲ್ಲೇ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ. ಲಗೇಜಿನ ಚೀಟಿಯಲ್ಲಿ ಕೊನೆಯ ಊರಿನ ಹೆಸರಿದ್ದರೂ ಅದನ್ನು ಅಲ್ಲೇ ಎತ್ತಿಕೊಂಡು ಮತ್ತೆ ಒಪ್ಪಿಸಬೇಕು. ಸಿಡ್ನಿಯಲ್ಲಿ ಅಂತರರಾಷ್ಟ್ರೀಯ ಟರ್ಮಿನಲ್ ಟಿ1 ಒಂದು ಕಡೆ, ದೇಶೀಯ ಟಿ2, ಟಿ3 ಇನ್ನೊಂದು ಕಡೆ. ನಡೆದು ಹೋಗುವ ದೂರವಲ್ಲ, ರೈಲು ಅಥವಾ ಬಸ್ಸು ಹಿಡಿಯಬೇಕು. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ನಡುವೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಪರ್ತ್‌ನಲ್ಲೂ ಟಿ1, ಟಿ2ಕ್ಕೆ ಏರ್‌ಪೋರ್ಟ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಇಳಿಯಬೇಕು. ಟಿ3, ಟಿ4 ಆದರೆ ರೆಡ್‌ಕ್ಲಿಫ್‌ನಲ್ಲಿ ಇಳಿದು ಬಸ್ಸು.